ಕುದುರೆಯ ಆತ್ಮಕಥೆ ಬರೆದ ಉಪಾಧ್ಯಾಯಿನಿ

ಕಪ್ಪು ಕುದುರೆಯೊಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ‘ಬ್ಲ್ಯಾಕ್ ಬ್ಯೂಟಿ’ ಎಂಬ ಇಂಗ್ಲಿಷ್ ಪುಸ್ತಕವನ್ನು ಹೈಸ್ಕೂಲು ಮಕ್ಕಳಲ್ಲಿ ಅನೇಕರು ಬಲ್ಲರು. ಪೂರ್ತಿ ಪುಸ್ತಕವನ್ನಲ್ಲದಿದ್ದರೂ ಲೈಬ್ರರಿಯಲ್ಲಿ ಸಿಗುವ ಸಂಕ್ಷಿಪ್ತ ಆವೃತ್ತಿಯನ್ನಾದರೂ ಓದಿರುತ್ತಾರೆ. ಜಿಂಜರ್ ಎಂಬ ಹೆಣ್ಣು ಕುದುರೆ ಸಾಯುವ ಕಡೆ ಕಣ್ಣೊರೆಸಿಕೊಂಡಿರುತ್ತಾರೆ. ಮಕ್ಕಳ ಪುಸ್ತಕವೆಂದೇ ಅದು ಹೆಸರಾಗಿದೆ.

ಆದರೆ ಅದನ್ನು ಬರೆದಾಕೆ ಮಕ್ಕಳಿಗೆಂದು ಬರೆಯಲಿಲ್ಲ. ಲಾಯದಲ್ಲಿ ಲದ್ದಿ ಬಾಚುವ ಹುಡುಗರಿಗೆ, ಕುದುರೆ ಮೈ ತಿಕ್ಕುವ ಕಾಸ್ತಾರರಿಗೆ, ಲಂಡನ್ನಿನ ಬೀದಿಗಳಲ್ಲಿ ಬಾಡಿಗೆ ಗಾಡಿ ಹೊಡೆದು ಹೊಟ್ಟೆ ಹೊರೆಯುವವರಿಗೆ ಬರೆದಳು. ಅವಳ ಹೆಸರು ಅನ್ನಾ ಸ್ಯೂಯೆಲ್. ಬದುಕಿದ್ದು 58 ವರ್ಷ, ಬರೆದದ್ದು ಒಂದೇ ಪುಸ್ತಕ. ಅದು ಅಚ್ಚಾಗಿ ಐದು ತಿಂಗಳಿಗೆ ತೀರಿಕೊಂಡಳು. ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಓದಿದವರು ಇಷ್ಟನ್ನು ಹೇಳಿಯಾರು. ಅವರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಯೊಂದುಂಟು. ಅನ್ನಾ ಟೀಚರ್ ಆಗಿದ್ದಳು. ಹಗಲೆಲ್ಲ ದುಡಿದು ಬಂದ ಕೂಲಿಕಾರರಿಗೆ ರಾತ್ರಿ ಹೊತ್ತು ಓದು ಬರಹ ಕಲಿಸಿದ್ದಳು. ವಿಜ್ಞಾನ ಪಾಠ ಹೇಳುವ ನನ್ನಂಥವನಿಗೆ ಆ ಪುಸ್ತಕ ಕಾದಂಬರಿಗಿಂತ ಹೆಚ್ಚಾಗಿ, ಬಹಳ ಜಾಣ ಟೀಚರೊಬ್ಬಳ ಪಾಠಯೋಜನೆಯ ಹಾಗೆ ಕಾಣುತ್ತದೆ. ಯಾಕೆ ಎಂಬುದನ್ನು ಅವಳ ದಿನಚರಿಯಿಂದಲೇ ನೋಡಬೇಕು.

ಕಾಲು ಸೋತಾಗ

ಅನ್ನಾ ಹುಟ್ಟಿದ್ದು 1820ರ ಮಾರ್ಚ್ 30ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಎಂಬ ಊರಿನಲ್ಲಿ. ಕ್ವೇಕರ್ ಪಂಥದ ಮನೆತನ. ಆಡಂಬರವಿಲ್ಲದ ಉಡುಪು, ಸರಳ ಊಟ, ಯಾವ ಜೀವಿಗೂ ನೋವು ಮಾಡಬಾರದೆಂಬ ಕಟ್ಟುನಿಟ್ಟು. ತಂದೆ ಐಸಾಕ್ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಮೇಲೆ ಸಂಸಾರ ಲಂಡನ್ ಕಡೆ ಬಂತು. ಮಗಳಿಗೂ ಮಗ ಫಿಲಿಪ್‌ಗೂ ಮನೆಯಲ್ಲೇ ಪಾಠ. ತಾಯಿ ಮೇರಿಯೇ ಟೀಚರು. ಮಕ್ಕಳ ಪಾಠಕ್ಕೆ ಪುಸ್ತಕ ಕೊಳ್ಳಲು ಹಣ ಸಾಲದೆ, ಆ ತಾಯಿ ತಾನೇ ಪುಟ್ಟ ಮಕ್ಕಳಿಗೊಂದು ಸಣ್ಣ ಪುಸ್ತಕ ಬರೆದು ಮಾರಿ ಆ ದುಡ್ಡಿನಿಂದ ಪುಸ್ತಕ ತಂದಳು. ಇಂಥ ಮನೆಯಲ್ಲಿ ಓದು ಹೇಗಿದ್ದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅನ್ನಾ ಹೊರಗಿನ ಶಾಲೆಯ ಮೆಟ್ಟಿಲು ಹತ್ತಿದ್ದು ಹನ್ನೆರಡರ ವಯಸ್ಸಿನಲ್ಲಿ. ಹದಿನಾಲ್ಕರಲ್ಲಿ, ಮಳೆ ಬರುವ ಒಂದು ದಿನ ಶಾಲೆಯಿಂದ ಓಡಿಕೊಂಡು ಬರುವಾಗ ಜಾರಿ ಬಿದ್ದಳು. ಎರಡೂ ಕಾಲಿನ ಹರಡಿಗೆ ಪೆಟ್ಟು. ಇಂದಾಗಿದ್ದರೆ ಒಂದು ಎಕ್ಸ್‌ರೇ, ಒಂದು ಪ್ಲ್ಯಾಸ್ಟರು, ಕೆಲವು ವಾರ ವಿಶ್ರಾಂತಿ ಎಂದು ಮುಗಿದುಹೋಗುತ್ತಿತ್ತೋ ಏನೋ. ಆದರೆ ಎಕ್ಸ್ ಕಿರಣಗಳು ಪತ್ತೆಯಾದದ್ದೇ 1895ರಲ್ಲಿ! ಆ ಹರಡಿಗಳು ಮತ್ತೆ ಸರಿಹೋಗಲಿಲ್ಲ. ಅಲ್ಲಿಂದ ಮುಂದೆ ಜೀವನಪರ್ಯಂತ ಅವಳಿಗೆ ಹೆಚ್ಚು ಹೊತ್ತು ನಿಲ್ಲಲಿಕ್ಕಾಗಲಿಲ್ಲ, ದೂರ ನಡೆಯಲಿಕ್ಕಾಗಲಿಲ್ಲ. ಎಷ್ಟೋ ದಿನ ಊರುಗೋಲೇ ಗತಿ.

ನಡೆಯಲಾರದವಳಿಗೆ ಕುದುರೆ ಕಾಲಾಯಿತು. ಹುಡುಗಿಯಾಗಿದ್ದಾಗಲೇ ನಾರ್ಫೋಕ್ ಜಿಲ್ಲೆಯ ಬಕ್ಸ್‌ಟನ್ನಿನಲ್ಲಿದ್ದ ಬಂಧುಗಳ ತೋಟದ ಮನೆಯಲ್ಲಿ ಸವಾರಿ ಕಲಿತಿದ್ದಳು. ಈಗ ಒಂದು ಪುಟ್ಟ ಗಾಡಿ, ಒಂದು ಸಣ್ಣ ಜಾತಿಯ ಕುದುರೆ. 1845ರ ಸುಮಾರಿಗೆ ಸಂಸಾರ ಬ್ರೈಟನ್ ಹತ್ತಿರದ ಲ್ಯಾನ್ಸಿಂಗ್ ಎಂಬ ಹಳ್ಳಿಯಲ್ಲಿತ್ತು. ತಂದೆಗೆ ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಅವನನ್ನು ರೈಲು ನಿಲ್ದಾಣಕ್ಕೆ ಬಿಡುವುದು, ಸಂಜೆ ಹೋಗಿ ಕರೆತರುವುದು ಅನ್ನಾಳ ಪಾಲಿನ ಕೆಲಸ. ಮಗಳು ತಂದೆಯನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುವ ಹಾಗೆ ಎನ್ನಿ. ಆದರೆ ಸ್ಕೂಟರಿಗೆ ಬೆನ್ನು ಹುಣ್ಣಾಗುವುದಿಲ್ಲ, ಗೊರಸಿಗೆ ಕಲ್ಲು ಸಿಕ್ಕುವುದಿಲ್ಲ, ಹೆದರಿಕೆಯೂ ಇಲ್ಲ. ಕುದುರೆಗೆ ಈ ಮೂರೂ ಉಂಟು. ದಿನಕ್ಕೆರಡು ಸಲ, ವರ್ಷಗಟ್ಟಲೆ, ಅದರ ಕಿವಿಗಳ ಹಿಂದೆಯೇ ಕುಳಿತವಳಿಗೆ ಆ ಕಿವಿ ಯಾವಾಗ ಮುಂದಕ್ಕೆ ಬಾಗುತ್ತದೆ, ಯಾವಾಗ ಹಿಂದಕ್ಕೆ ಮಡಚುತ್ತದೆ, ಹೆಜ್ಜೆಯ ಸದ್ದು ಯಾವಾಗ ಬದಲಾಗುತ್ತದೆ ಎಂಬುದು ಬಾಯಿಪಾಠವಾಗಿ ಹೋಗಿತ್ತು.

1863ರಲ್ಲಿ ಮೇರಿ ಬೇಲಿ ಎಂಬ ಲೇಖಕಿ ಇವರ ಮನೆಗೆ ಅತಿಥಿಯಾಗಿ ಬಂದಿದ್ದಳು. ವಾಪಸು ಹೋಗುವಾಗ ಅವಳನ್ನು ಗಾಡಿಯಲ್ಲಿ ನಿಲ್ದಾಣಕ್ಕೆ ಬಿಟ್ಟವಳು ಅನ್ನಾ. ಲಗಾಮನ್ನು ಸುಮ್ಮನೆ ಕೈಯಲ್ಲಿ ಹಿಡಿದಿದ್ದಳು ಅಷ್ಟೆ, ಜಗ್ಗಲಿಲ್ಲ. ಹೇಳಬೇಕಾದ್ದನ್ನೆಲ್ಲ ಬಾಯಿಮಾತಿನಲ್ಲೇ ಕುದುರೆಗೆ ಹೇಳುತ್ತಿದ್ದಳು ಎಂದು ಆ ಅತಿಥಿ ಮುಂದೆ ನೆನಪಿಸಿಕೊಂಡಿದ್ದಾಳೆ. ಓದುವವರಿಗೆ ಅತಿಶಯೋಕ್ತಿ ಅನಿಸೀತು. ಆದರೆ 2016ರಲ್ಲಿ ಅದೇ ಬ್ರೈಟನ್ನಿನ ಬಳಿಯ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕುದುರೆಗಳಿಗೆ ಮನುಷ್ಯರ ಮುಖದ ದೊಡ್ಡ ಚಿತ್ರಗಳನ್ನು ತೋರಿಸಿ ಪರೀಕ್ಷೆ ಮಾಡಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಹೃದಯಬಡಿತ ಬೇಗ ಏರಿತು, ನಗುಮುಖಕ್ಕೆ ಹಾಗಾಗಲಿಲ್ಲ. ಗಾಡಿ ಹೊಡೆಯುವವನ ಮನಸ್ಸು ಕುದುರೆಗೆ ತಿಳಿಯುತ್ತದೆ ಎಂದು ಅನ್ನಾ ನಂಬಿದ್ದು ಬರೀ ಭಾವುಕತೆಯಲ್ಲ.

ರಾತ್ರಿ ಶಾಲೆ

ಆ ಹೊತ್ತಿಗೆ ಸಂಸಾರ ಪಶ್ಚಿಮ ಇಂಗ್ಲೆಂಡಿನಲ್ಲಿ, ಬ್ರಿಸ್ಟಲ್ ನಗರದಿಂದ ತುಸು ದೂರದ ವಿಕ್ ಎಂಬ ಊರಿನ ಬಳಿ ನೆಲೆಸಿತ್ತು. ಸುತ್ತ ದುಡಿಯುವ ಬಡವರ ಮನೆಗಳು. ಓದು ಬಾರದ ಗಂಡಸರೇ ಹೆಚ್ಚು. ಇಂಗ್ಲೆಂಡಿನಲ್ಲಿ ಎಲ್ಲ ಮಕ್ಕಳಿಗೂ ಶಾಲೆ ಒದಗಿಸುವ ಮೊದಲ ದೊಡ್ಡ ಕಾನೂನು ಬಂದದ್ದು 1870ರಲ್ಲಿ ಎಂಬುದನ್ನು ನೆನಪಿಡಬೇಕು. ತಾಯಿ ಮಗಳು ಸೇರಿ ಈ ಕೆಲಸಗಾರರಿಗೆಂದು ಒಂದು ಸಂಜೆ ಶಾಲೆ ತೆರೆದರು. ಅನ್ನಾ ಅಲ್ಲಿ ಪಾಠ ಹೇಳಿದಳು.

ವಯಸ್ಕರಿಗೆ ಪಾಠ ಹೇಳಿದವರಿಗೆ ಗೊತ್ತು, ಅದು ಮಕ್ಕಳಿಗೆ ಹೇಳಿದಂತಲ್ಲ. ಮಕ್ಕಳನ್ನು ಗದರಿಸಬಹುದು. ಹೊಲದಿಂದಲೋ ಗಣಿಯಿಂದಲೋ ಬಂದು, ಕಣ್ಣು ಎಳೆಯುತ್ತಿದ್ದರೂ ಬೆಂಚಿನ ಮೇಲೆ ಕುಳಿತ ನಲವತ್ತರ ಗಂಡಸನ್ನು ಗದರಿಸಲಾಗದು. ಅವನಿಗೆ ತಿಳಿಯದ್ದನ್ನು ಹೇಳಬೇಕು, ಆದರೆ ಅವನು ದಡ್ಡ ಎಂಬ ಧ್ವನಿ ಬರಬಾರದು. ಪಾಠ ಚಿಕ್ಕದಾಗಿರಬೇಕು. ನಾಳೆ ಬೆಳಿಗ್ಗೆ ಕೈಗೆ ಒದಗುವಂತಿರಬೇಕು. ಇಲ್ಲದಿದ್ದರೆ ಅವನು ಮರುದಿನ ಬರುವುದಿಲ್ಲ, ಅಷ್ಟೆ. ‘ಬ್ಲ್ಯಾಕ್ ಬ್ಯೂಟಿ’ಯ 49 ಪುಟ್ಟ ಅಧ್ಯಾಯಗಳನ್ನು ಓದಿದಾಗಲೆಲ್ಲ ನನಗೆ ಆ ಸಂಜೆ ಶಾಲೆಯ ಬೆಂಚುಗಳೇ ಕಣ್ಣ ಮುಂದೆ ಬರುತ್ತವೆ. ಒಬ್ಬ ಗಟ್ಟಿಯಾಗಿ ಓದಿ ಹತ್ತು ಮಂದಿ ಕೇಳಿಸಿಕೊಳ್ಳುವಷ್ಟೇ ಉದ್ದ ಒಂದೊಂದೂ. ಹೆಚ್ಚಿನವುಗಳಲ್ಲಿ ಲಾಯದ ಕೆಲಸದ ಒಂದೊಂದು ವಿಷಯ.

ಹಗಲು ಹೊತ್ತಿನಲ್ಲಿ ಇನ್ನೊಂದು ಬಗೆಯ ವಿದ್ಯೆ ನಡೆಯುತ್ತಿತ್ತು. ತಾಯಿ ಮೇರಿ ಅರವತ್ತರ ಹತ್ತಿರ ಬಂದ ಮೇಲೆ ಬಡವರಿಗಾಗಿ ಸರಳ ಪದ್ಯಕಥೆಗಳನ್ನು ಬರೆಯತೊಡಗಿದ್ದಳು. 1860ರಲ್ಲಿ ಬಂದ ಅವಳ ಒಂದು ಕಥನಕವನ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಬರೆದದ್ದು ಯಾವುದೇ ಇರಲಿ, ಮೊದಲು ಮಗಳಿಗೆ ಓದಿ ಹೇಳಬೇಕು. ಮಗಳು ಸರಿ ಎಂದರೆ ಸರಿ, ತಿದ್ದು ಎಂದರೆ ತಿದ್ದಬೇಕು. ಅನ್ನಾ ಒಂದು ಸಾಲನ್ನೂ ಪ್ರಕಟಿಸುವ ಮೊದಲೇ ಎಷ್ಟೋ ವರ್ಷ ಸಂಪಾದಕಿಯಾಗಿದ್ದಳು ಎಂದಾಯಿತು. ಹೆಚ್ಚಿನ ಪದ ಕಂಡರೆ ಹೊಡೆದು ಹಾಕುವ ಅಭ್ಯಾಸ ಅಲ್ಲಿ ಬಂದದ್ದು.

ಸೋಫಾದ ಮೇಲಿಂದ

1867ರಲ್ಲಿ ಅವರೆಲ್ಲ ನಾರ್ವಿಚ್ ನಗರದ ಹೊರವಲಯದ ಓಲ್ಡ್ ಕ್ಯಾಟನ್‌ಗೆ ಬಂದರು. ಹೆಂಡತಿಯನ್ನು ಕಳೆದುಕೊಂಡ ಫಿಲಿಪ್ ಮಕ್ಕಳೊಂದಿಗೆ ಹತ್ತಿರದಲ್ಲೇ ಇದ್ದ. ಅವನ ಮನೆಯಲ್ಲೂ ಕುದುರೆಗಳಿದ್ದವು. ಆದರೆ ಅನ್ನಾಳ ಆರೋಗ್ಯ ಇಳಿಯುತ್ತ ಬಂದು, 1871ರಲ್ಲಿ ಡಾಕ್ಟರು ಇನ್ನು ಒಂದೂವರೆ ವರ್ಷ ಬದುಕಿಯಾಳು ಎಂದುಬಿಟ್ಟರು.

ಆ ವರ್ಷದ ನವೆಂಬರಿನಲ್ಲಿ ತಾನು ಕುದುರೆಯೊಂದರ ಜೀವನ ಬರೆಯುತ್ತಿರುವುದಾಗಿ ದಿನಚರಿಯಲ್ಲಿ ಗುರುತು ಹಾಕಿಕೊಂಡಳು. ಅದೇ ಸಾಲಿನಲ್ಲಿ ಕ್ರಿಸ್‌ಮಸ್‌ಗೆ ಗೊಂಬೆಗಳನ್ನು ಸಿದ್ಧ ಮಾಡುತ್ತಿರುವ ವಿಷಯವೂ ಇದೆ. ಪುಸ್ತಕ ಬರೆಯುವುದು, ಗೊಂಬೆ ಹೊಲಿಯುವುದು, ಎರಡೂ ಮನೆಗೆಲಸ ಎಂಬ ಹಾಗೆ! ನಂತರ ವರ್ಷಗಟ್ಟಲೆ ಬರವಣಿಗೆ ನಿಂತುಹೋಯಿತು. ಏಳಲಾಗದೆ ಸೋಫಾದ ಮೇಲೆ ಒರಗಿಕೊಂಡೇ ದಿನ. ಗಾಡಿ ಹೊಡೆಯುವುದೂ ನಿಂತಿತು. ಸ್ವಲ್ಪ ಚೇತರಿಸಿಕೊಂಡ ಗಳಿಗೆಗಳಲ್ಲಿ ಸಣ್ಣ ಚೀಟಿಗಳ ಮೇಲೆ ಪೆನ್ಸಿಲಿನಲ್ಲಿ ಒಂದಿಷ್ಟು ಬರೆಯುವಳು. ಅದೂ ಆಗದಿದ್ದರೆ ಬಾಯಲ್ಲಿ ಹೇಳುವಳು. ಪಕ್ಕದಲ್ಲಿ ಕುಳಿತ ತಾಯಿ ಅದನ್ನು ತೆಗೆದುಕೊಂಡು ಶುದ್ಧ ಪ್ರತಿ ಮಾಡುವಳು. 1877ರಲ್ಲಿ ಪುಸ್ತಕ ಮುಗಿಯುವಾಗ ಆ ತಾಯಿಗೆ ಎಂಬತ್ತು ವರ್ಷ! ಮಗಳಿಗೆ ಅಕ್ಷರ ಕಲಿಸಿದವಳೇ ಕೊನೆಗೆ ಅವಳ ಲಿಪಿಕಾರಳಾದಳು. ಡಾಕ್ಟರು ಕೊಟ್ಟ ಒಂದೂವರೆ ವರ್ಷ ಆರು ವರ್ಷವಾಗಿತ್ತು.

ಕಿಟಕಿಯಿಂದಾಚೆ ಹೋಗಲಾರದವಳು ಬರೆದ ಪುಸ್ತಕವನ್ನು ಓದಿ ಲಾಯದ ಅನುಭವಸ್ಥರು ತಲೆದೂಗಿದರು. ನನಗೂ ಮೆಚ್ಚುಗೆಯಾಗುವುದು ಅದರ ವಿವರಗಳೇ. ಒಂದು ಉದಾಹರಣೆ ನೋಡಿ. ಆಲ್ಫ್ರೆಡ್ ಎಂಬ ಠೀವಿಯ ಕಾಸ್ತಾರನೊಬ್ಬ ಬರುತ್ತಾನೆ. ಕುದುರೆಯ ಮೈ ಫಳಫಳ ಹೊಳೆಯುತ್ತದೆ. ಕೆಳಗಿನ ಒದ್ದೆ ಹುಲ್ಲನ್ನು ಮಾತ್ರ ತೆಗೆಯುವುದಿಲ್ಲ. ಕೆಲವೇ ದಿನಗಳಲ್ಲಿ ಕುದುರೆಗೆ ಕಣ್ಣುರಿ, ಆಮೇಲೆ ಗೊರಸಿನೊಳಗೆ ಕೊಳೆ. ಇದರಲ್ಲಿ ಒಂದು ಪೂರ್ತಿ ರಸಾಯನಶಾಸ್ತ್ರದ ಪಾಠ ಅಡಗಿದೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಅನಿಲ ಹೊರಡುತ್ತದೆ. ಅದು ನೀರಿನಲ್ಲಿ ಬೇಗ ಕರಗುವ ಅನಿಲ. ಕಣ್ಣಿನ ತೇವಕ್ಕೆ ಸೋಕಿದೊಡನೆ ಕರಗಿ ಕ್ಷಾರವಾಗುತ್ತದೆ, ಉರಿಸುತ್ತದೆ. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಬಾಗಿಲಲ್ಲಿ ಕಣ್ಣಲ್ಲಿ ನೀರು ಬರುವುದು ಇದರಿಂದಲೇ. ಅನ್ನಾ ಅಮೋನಿಯಾ ಎಂಬ ಪದ ತರಲಿಲ್ಲ. ಹುಲ್ಲು, ವಾಸನೆ, ಕಣ್ಣು — ಈ ಮೂರನ್ನು ಒಂದರ ಪಕ್ಕ ಒಂದಿಟ್ಟಳು. ಲಾಯದ ಹುಡುಗನಿಗೆ ಅಷ್ಟು ಸಾಕು.

ಇನ್ನೊಂದು ಪ್ರಸಂಗ ಎಲ್ಲರಿಗೂ ನೆನಪಿರುವಂಥದ್ದು. ರಾತ್ರಿ ಹೊತ್ತು ಡಾಕ್ಟರನ್ನು ಕರೆತರಲು ಮೈಲಿಗಟ್ಟಲೆ ದೌಡಾಯಿಸಿ ಬೆವೆತು ಬಂದ ಬ್ಯೂಟಿಗೆ ಜೋ ಎಂಬ ಎಳೆಯ ಹುಡುಗ ಕಂಬಳಿ ಹೊದಿಸದೆ, ತಣ್ಣೀರು ಕುಡಿಸಿ ಬಿಡುತ್ತಾನೆ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಕುದುರೆ ಸಾಯುವ ಹಾಗಾಗುತ್ತದೆ. ‘ಪಾಪ, ಹುಡುಗ, ಗೊತ್ತಿರಲಿಲ್ಲ’ ಎಂದು ಜೋನ ತಂದೆ ಮಗನ ಪರ ವಹಿಸಿದಾಗ, ಕುದುರೆಯ ಜವಾಬ್ದಾರಿ ಹೊತ್ತ ಜಾನ್ ಸಿಡಿದು ಬೀಳುತ್ತಾನೆ. ಗೊತ್ತಿಲ್ಲದಿರುವುದೂ ಕೆಟ್ಟತನದಷ್ಟೇ ಹಾನಿ ಮಾಡುತ್ತದೆ ಎಂಬುದು ಅವನ ವಾದ. ಇಡೀ ಪುಸ್ತಕದ ಬೇರು ಈ ಪ್ರಸಂಗದಲ್ಲಿದೆ ಎಂದು ನನ್ನ ಅಭಿಪ್ರಾಯ. ಅನ್ನಾಳ ಕಥೆಯಲ್ಲಿ ಕ್ರೂರಿಗಳು ಕೆಲವರೇ. ತಿಳಿಯದವರು, ತಿಳಿಯುವ ಗೋಜಿಗೆ ಹೋಗದವರು ಬಹಳ. ಟೀಚರಾದವಳ ಕಣ್ಣಿಗೆ ಬೀಳುವುದೂ ಅವರೇ.

ಒಂದು ತಿದ್ದುಪಡಿಯನ್ನು ಮಾತ್ರ ಇಲ್ಲಿ ಹೇಳಬೇಕು. ಬಿಸಿಯೇರಿದ ಕುದುರೆಗೆ ತಣ್ಣೀರು ವಿಷ ಎಂಬ ಅಂದಿನ ನಂಬಿಕೆಯನ್ನು ಇಂದಿನ ಪಶುವೈದ್ಯರು ಒಪ್ಪುವುದಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಕೆಯಲ್ಲಿ ಓಡಿ ಬಂದ ಕುದುರೆಗಳ ಮೈಮೇಲೆ ತಣ್ಣೀರನ್ನೇ ಸುರಿದು ಕಾಪಾಡಿದರು. ಬೆವೆತ ಮೈಯಲ್ಲಿ ಚಳಿರಾತ್ರಿ ಹಾಗೇ ನಿಲ್ಲಿಸಬಾರದು ಎಂಬ ಭಾಗವಂತೂ ಇಂದಿಗೂ ಸರಿ.

ಫ್ಯಾಷನ್ನಿನ ಬಾರು

ಅನ್ನಾಳಿಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಒಂದು ತೊಗಲಿನ ಬಾರು. ಅದರ ಹೆಸರು ಬೇರಿಂಗ್ ರೇನ್. ಗಾಡಿ ಹೊಡೆಯುವ ಲಗಾಮು ಬೇರೆ, ಇದು ಬೇರೆ. ಕುದುರೆಯ ಬಾಯ ಕಡಿವಾಣದಿಂದ ಹೊರಟು, ಕೆನ್ನೆಯ ಮೇಲ್ಗಡೆಯ ಬಳೆಯೊಳಗೆ ತೂರಿ, ಬೆನ್ನ ಮೇಲಿನ ಕೊಕ್ಕೆಗೆ ಬಿಗಿಯುವ ಪಟ್ಟಿ ಅದು. ಒಂದೊಂದು ತೂತು ಬಿಗಿ ಮಾಡಿದ ಹಾಗೂ ಕುದುರೆಯ ತಲೆ ಮೇಲೆ ಮೇಲೆ ಹೋಗುತ್ತದೆ, ಇಳಿಸಲು ಬರುವುದಿಲ್ಲ. ಯಾಕೆ ಈ ಕಟ್ಟು? ನೋಡುವುದಕ್ಕೆ ಗತ್ತಾಗಿರುತ್ತದೆ ಎಂದು! ಸಾರೋಟಿನ ಕುದುರೆಗಳು ತಲೆಯೆತ್ತಿ ನಿಂತರೆ ಯಜಮಾನಿಗೆ ಅಂತಸ್ತು. ಕೊನೆಗೆ ಸಾಮಾನು ಗಾಡಿಯವರೂ ಅದನ್ನೇ ಅನುಕರಿಸಿದರು.

ಇದರಲ್ಲಿ ತಪ್ಪೇನು ಎಂಬುದು ಒಂಬತ್ತನೇ ತರಗತಿಯ ಹುಡುಗರಿಗೂ ಅರ್ಥವಾಗುವ ವಿಷಯ. ಕುದುರೆಯ ತಲೆ ಮತ್ತು ಕತ್ತು ಸೇರಿದರೆ ಮೈತೂಕದ ಸುಮಾರು ಹತ್ತರಲ್ಲೊಂದು ಪಾಲು. 500 ಕಿಲೋ ಕುದುರೆಗೆ 50 ಕಿಲೋ, ಅಂದರೆ ಒಂದು ಸಿಮೆಂಟಿನ ಮೂಟೆ, ಉದ್ದನೆಯ ಸನ್ನೆಗೋಲಿನ ತುದಿಯಲ್ಲಿದ್ದ ಹಾಗೆ. ಭಾರ ಎಳೆಯುವಾಗ ಕುದುರೆ ಈ ಮೂಟೆಯನ್ನು ಮುಂದಕ್ಕೆ, ಕೆಳಕ್ಕೆ ಚಾಚುತ್ತದೆ. ಆಗ ಗುರುತ್ವ ಕೇಂದ್ರ ಮುಂದೆ ಸರಿದು, ಇಡೀ ಮೈ ಕೊರಳಪಟ್ಟಿಗೆ ಒರಗಿ, ಹಿಂಗಾಲುಗಳು ನೆಲವನ್ನು ಒದ್ದು ತಳ್ಳಲು ಅನುಕೂಲವಾಗುತ್ತದೆ. ಕೆಟ್ಟು ನಿಂತ ಆಟೋವನ್ನು ತಳ್ಳುವವರನ್ನು ಗಮನಿಸಿ. ಯಾರಾದರೂ ಎದೆ ಸೆಟೆಸಿ, ಆಕಾಶ ನೋಡುತ್ತ ತಳ್ಳುತ್ತಾರೆಯೇ? ತಲೆ ತಗ್ಗಿಸಿ, ಮುಂದೆ ಬಾಗಿ, ಮೈಭಾರ ಹಾಕುತ್ತಾರೆ. ಏರಿನಲ್ಲಿ ತಲೆ ಕಟ್ಟಿಸಿಕೊಂಡ ಕುದುರೆ ಬರೀ ಸ್ನಾಯುಬಲದಿಂದ ಎಳೆಯಬೇಕು, ಮೈತೂಕದ ಸಹಾಯವಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್ ಎಂದು ಬಾಯಿಪಾಠ ಮಾಡಿಸುತ್ತೇವೆ. ತಲೆ ಕಟ್ಟಿದ ಕುದುರೆಗೆ ಆ ಲೆಕ್ಕದಲ್ಲಿ ಎಷ್ಟು ಸೋಡಿ ಎಂದು ಯಾರೂ ಕೇಳುವುದಿಲ್ಲ.

ಉಸಿರಿನದು ಇನ್ನೊಂದು ತೊಂದರೆ. ಕುದುರೆ ನಮ್ಮಂತೆ ಬಾಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ಕತ್ತು ತಲೆ ಸೇರುವ ಕಡೆ ಚೂಪಾಗಿ ಬಗ್ಗಿಸಿದರೆ ಗಂಟಲ ದಾರಿ ಕಿರಿದಾಗುತ್ತದೆ. ಕುದುರೆಗೆ ಬರುವ ಗೊರಗೊರ ಉಸಿರಿನ ರೋಗಕ್ಕೂ ಈ ಬಾರೇ ಕಾರಣವೆಂದು ಆ ಕಾಲದ ಹಲವರು ನಂಬಿದ್ದರು. ಅದು ಬಹುಮಟ್ಟಿಗೆ ಗಂಟಲಿನ ಎಡಗಡೆಯ ನರ ದುರ್ಬಲವಾಗುವುದರಿಂದ ಬರುವ ರೋಗವೆಂದು ಈಗ ತಿಳಿದಿದೆ. ಆದರೆ ಉಸಿರುಗಟ್ಟುವ ಪ್ರಾಣಿಗೆ ಕಾರಣ ಯಾವುದಾದರೇನು, ಮೇಲೊಂದು ಬಾರು ಬಿಗಿದರೆ ಪಾಡು ಇನ್ನೂ ಕೆಡುತ್ತದೆ.

ಈ ಬಾರಿನ ವಿರುದ್ಧ ಮಾತೆತ್ತಿದವಳು ಅನ್ನಾ ಒಬ್ಬಳೇ ಅಲ್ಲ. ಎಡ್ವರ್ಡ್ ಫೋರ್ಡಮ್ ಫ್ಲವರ್ ಎಂಬಾತ 1875ರಲ್ಲೇ ಒಂದು ಕಿರುಪುಸ್ತಕ ಬರೆದಿದ್ದ. ಅದರಲ್ಲಿ ವಾದವಿತ್ತು. ಅನ್ನಾ ಮಾಡಿದ್ದು ಬೇರೆ. ಅವಳ ಪುಸ್ತಕದ ಕೊನೆಯ ಭಾಗದಲ್ಲಿ ಜೇಕ್ಸ್ ಎಂಬ ಗಾಡಿಯವನು ಭಾರದ ಗಾಡಿಯನ್ನು ಏರಿನಲ್ಲಿ ಹೊಡೆಯುತ್ತ ಬ್ಯೂಟಿಗೆ ಚಾವಟಿ ಬೀಸುತ್ತಿರುತ್ತಾನೆ. ದಾರಿಹೋಕ ಹೆಂಗಸೊಬ್ಬಳು ಹತ್ತಿರ ಬರುತ್ತಾಳೆ. ಬೈಯುವುದಿಲ್ಲ, ಪೊಲೀಸರನ್ನು ಕರೆಯುತ್ತೇನೆ ಎನ್ನುವುದಿಲ್ಲ. ತಲೆ ಕಟ್ಟಿದ್ದರಿಂದ ಅದಕ್ಕೆ ಪೂರ್ತಿ ಬಲ ಹಾಕಲಾಗುತ್ತಿಲ್ಲ, ಒಂದು ಸಲ ಬಿಚ್ಚಿ ನೋಡಬಾರದೇ ಎಂದು ಕೇಳುತ್ತಾಳೆ. ಅವನು ನಗುತ್ತಲೇ ಬಿಚ್ಚುತ್ತಾನೆ. ಕುದುರೆ ತಲೆಯನ್ನು ಮಂಡಿಯವರೆಗೂ ಇಳಿಸಿ, ಕತ್ತಿನ ನೋವು ಕಳೆಯಲು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ, ಗಾಡಿಯನ್ನು ಮೇಲಕ್ಕೆಳೆದೇ ಬಿಡುತ್ತದೆ. ಪೂರ್ತಿ ಬಿಟ್ಟರೆ ಜೊತೆಯವರು ನಗುತ್ತಾರಲ್ಲ ಎಂದು ಜೇಕ್ಸನ ಕೊನೆಯ ಅನುಮಾನ! ಊಹೆ, ಪ್ರಯೋಗ, ವೀಕ್ಷಣೆ, ಎಲ್ಲವೂ ಎರಡು ಪುಟದಲ್ಲಿ ಮುಗಿಯುತ್ತದೆ. ತರಬೇತಿಗೆ ಬರುವ ಹೊಸ ಶಿಕ್ಷಕರಿಗೆ ಈ ಎರಡು ಪುಟ ಓದಿಸಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಇನ್ನೂ ಜಟಕಾಗಳಿದ್ದವು. ಹತ್ತಿ ಕುಳಿತ ಕೂಡಲೇ ಜಟಕಾದವನು ‘ವಸಿ ಮುಂದಕ್ಕೆ ಸರಕೊಳ್ಳಿ ಸ್ವಾಮಿ’ ಎನ್ನುತ್ತಿದ್ದ. ದಿಬ್ಬ ಬಂದರಂತೂ ಎಲ್ಲರೂ ಮುಂದೆ ಬಾಗಬೇಕು. ಇಳಿಜಾರಿನಲ್ಲಿ ‘ಹಿಂದಕ್ಕೆ, ಹಿಂದಕ್ಕೆ’. ಜಾಗ ಮಾಡಿಕೊಳ್ಳಲು ಹೇಳುತ್ತಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಎರಡು ಗಾಲಿಯ ಗಾಡಿ ಅಚ್ಚಿನ ಮೇಲೆ ನಿಂತ ತಕ್ಕಡಿ. ಭಾರ ಹಿಂದೆ ಹೋದರೆ ಮೂಕಿಮರ ಎದ್ದು ಹೊಟ್ಟೆಪಟ್ಟಿ ಕುದುರೆಯ ಹೊಟ್ಟೆಯನ್ನು ಒತ್ತುತ್ತದೆ, ಮುಂದೆ ಬಂದರೆ ಬೆನ್ನಿಗೆ ಭಾರ. ಸನ್ನೆಗೋಲಿನ ತತ್ವ ಓದದ ಆ ಮನುಷ್ಯ ದಿನವಿಡೀ ಅದನ್ನೇ ಬೋಧಿಸುತ್ತಿದ್ದ. ಅನ್ನಾಳ ಪುಸ್ತಕದ ಒಳ್ಳೆಯ ಗಾಡಿಯವ ಜೆರ್ರಿ ಬಾರ್ಕರನನ್ನು ಓದುವಾಗ ನನಗೆ ಅವನ ಮುಖವೇ ಕಾಣುವುದು. ಅಂದ ಹಾಗೆ, ಆ ಜಟಕಾ ಕುದುರೆಗಳು ತಿನ್ನುತ್ತಿದ್ದ ನಮ್ಮ ಹುರುಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಹಾರ್ಸ್ ಗ್ರಾಂ’. ಮನುಷ್ಯರು ತಿನ್ನುವ ಸಾರು ಅವರ ಲೆಕ್ಕಕ್ಕೆ ಬರಲಿಲ್ಲ!

ಬಾಡಿಗೆಯ ಲೆಕ್ಕ

ಹಾಗೆಂದು ಗಾಡಿಯವರಿಗೆ ಬರೀ ಬುದ್ಧಿ ಹೇಳಿ ಸುಮ್ಮನಾದವಳಲ್ಲ ಅನ್ನಾ. ಸ್ಯಾಮ್ ಎಂಬ ಬಡ ಗಾಡಿಯವನ ಬಾಯಿಂದ ಅವಳು ಲೆಕ್ಕ ಹೇಳಿಸುತ್ತಾಳೆ. ಗಾಡಿಯೂ ಕುದುರೆಯೂ ಅವನದಲ್ಲ. ಸೀಸನ್ನಿನಲ್ಲಿ ದಿನಕ್ಕೆ 18 ಶಿಲಿಂಗ್ ಮಾಲೀಕನಿಗೆ ಕಟ್ಟಿದ ಮೇಲೆ ಉಳಿದದ್ದು ತನ್ನದು. ಆ ಹಣ ಹುಟ್ಟುವವರೆಗೆ ದುಡಿದದ್ದೆಲ್ಲ ಮಾಲೀಕನ ಪಾಲು. ಮನೆಯಲ್ಲಿ ಹೆಂಡತಿ ಮಕ್ಕಳು. ಕುದುರೆ ಸೋತಿದೆ ಎಂದು ನಿಲ್ಲಿಸಿದರೆ ಒಲೆ ಉರಿಯದು. ಚಾವಟಿ ಎತ್ತದೆ ಬೇರೆ ದಾರಿಯಿಲ್ಲ. ದಿನಬಾಡಿಗೆಗೆ ಆಟೋ ಓಡಿಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ದಿನಗಳಲ್ಲಿ ಸ್ಯಾಮ್ ಸಾಯುತ್ತಾನೆ. ಕುದುರೆಯ ಮೇಲಿನ ಪ್ರೀತಿಯಿಂದ ಬರೆದ ಪುಸ್ತಕದಲ್ಲಿ ಕುದುರೆ ಹೊಡೆಯುವವನ ಸಾವಿಗೂ ಇಷ್ಟು ಜಾಗ ಸಿಕ್ಕಿದ್ದು, ಸಂಜೆ ಶಾಲೆಯ ಬೆಂಚಿನ ಮೇಲೆ ಕುಳಿತವರನ್ನು ಅವಳು ಹತ್ತಿರದಿಂದ ಕಂಡಿದ್ದರಿಂದಲೇ ಇರಬೇಕು.

ನಾರ್ವಿಚ್‌ನ ಜಾರಲ್ಡ್ ಪ್ರಕಾಶನದವರು ಒಂದೇ ಕಂತಿನ ಸಣ್ಣ ಮೊತ್ತಕ್ಕೆ ಹಸ್ತಪ್ರತಿ ಕೊಂಡು 1877ರ ನವೆಂಬರ್ 24ರಂದು ಪುಸ್ತಕ ಹೊರತಂದರು. ಕುದುರೆ ಭಾಷೆಯ ಮೂಲದಿಂದ ಅನುವಾದಿಸಿದವರು ಅನ್ನಾ ಸ್ಯೂಯೆಲ್ ಎಂದು ಮುಖಪುಟದಲ್ಲಿತ್ತು. ಅವಳ ಒಂದೇ ಒಂದು ತಮಾಷೆ ಅದು. 1878ರ ಏಪ್ರಿಲ್ 25ರಂದು ಅವಳು ತೀರಿಕೊಂಡಳು. ಶವಯಾತ್ರೆಯ ಗಾಡಿಗಳು ಮನೆಯ ಮುಂದೆ ಬಂದು ನಿಂತಾಗ ತಾಯಿ ಮೇರಿ ಕಿಟಕಿಯಿಂದ ನೋಡಿದಳಂತೆ. ಕುದುರೆಗಳೆಲ್ಲ ಬಾರು ಬಿಗಿಸಿಕೊಂಡು ತಲೆಯೆತ್ತಿ ನಿಂತಿದ್ದವು. ಎಂಬತ್ತರ ಮುದುಕಿ ಹೊರಗೆ ಬಂದು, ಒಂದೊಂದನ್ನೂ ಬಿಚ್ಚಿಸಿ, ಆಮೇಲೆ ಯಾತ್ರೆ ಹೊರಡಲು ಬಿಟ್ಟಳು.

ಮುಂದಿನದು ಮಾರಾಟದ ಕಥೆ. ಅಮೆರಿಕದ ಬಾಸ್ಟನ್‌ನಲ್ಲಿ ಪ್ರಾಣಿದಯಾ ಸಂಘ ಕಟ್ಟಿದ್ದ ಜಾರ್ಜ್ ಏಂಜೆಲ್ ಎಂಬಾತ ಗುಲಾಮರಿಗೆ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಮಾಡಿದ ಉಪಕಾರವನ್ನು ಕುದುರೆಗಳಿಗೆ ಮಾಡುವಂಥ ಪುಸ್ತಕ ಹುಡುಕುತ್ತಿದ್ದ. 1890ರಲ್ಲಿ ಇದು ಕೈಗೆ ಸಿಕ್ಕಿದ್ದೇ ತಡ, ಲಕ್ಷಗಟ್ಟಲೆ ಅಗ್ಗದ ಪ್ರತಿ ಅಚ್ಚು ಹಾಕಿಸಿ ಗಾಡಿಯವರಿಗೂ ಲಾಯದವರಿಗೂ ಹಂಚಿದ. ಆಗ ಎರಡು ದೇಶಗಳ ನಡುವೆ ಕೃತಿಸ್ವಾಮ್ಯದ ಒಪ್ಪಂದವಿರಲಿಲ್ಲವಾಗಿ ಸ್ಯೂಯೆಲ್ ಮನೆಗೆ ಕಾಸೂ ಬರಲಿಲ್ಲ. ಅಂತೂ ಪುಸ್ತಕ ಬರೆದವಳು ಯಾರಿಗೆಂದು ಬರೆದಳೋ ಅವರ ಕೈ ಸೇರಿತು. ಬೇರಿಂಗ್ ರೇನಿನ ಫ್ಯಾಷನ್ ಮೆಲ್ಲಗೆ ಇಳಿಯಿತು. ಬ್ಯೂಟಿಯ ಗೆಳೆಯರು ತೋಟದಲ್ಲಿ ನಿಂತು ಅತ್ತುಕೊಳ್ಳುವ ಇನ್ನೊಂದು ಸಂಗತಿ, ಚೆಂದಕ್ಕೆಂದು ಬಾಲ ಕತ್ತರಿಸುವುದು. ನೊಣ ಓಡಿಸಲು ಕುದುರೆಗೆ ಇರುವುದು ಅದೊಂದೇ ಕೈ. ಅದನ್ನು ಬ್ರಿಟನ್ ಕಾನೂನಿನಿಂದ ತಡೆದದ್ದು 1949ರಲ್ಲಿ, ಪುಸ್ತಕ ಬಂದು 72 ವರ್ಷಗಳ ಮೇಲೆ.

ನಮ್ಮಲ್ಲೂ ಗಾಡಿ ಎಳೆಯುವ ಪ್ರಾಣಿಗಳ ವಿಷಯದಲ್ಲಿ 1965ರ ಕೇಂದ್ರ ನಿಯಮಗಳಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿರಾಮವಿಲ್ಲದೆ ಐದು ಗಂಟೆ ಮೀರಬಾರದು, ಉಷ್ಣಾಂಶ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ಮುಳ್ಳಿನ ಕಡಿವಾಣ ಕೂಡದು. ಮೈಸೂರಿಗೆ ಪ್ರವಾಸ ಹೋಗಿ ಟಾಂಗಾ ಹತ್ತುವ ಶಾಲಾ ಮಕ್ಕಳು ಹತ್ತುವ ಮೊದಲು ಗಡಿಯಾರವನ್ನೂ ಕುದುರೆಯ ಬಾಯನ್ನೂ ಒಮ್ಮೆ ನೋಡಬಹುದು. ಟಾಂಗಾದವರ ಜೊತೆ ನಾಲ್ಕು ಮಾತಾಡಿದರೆ ಇನ್ನೂ ಒಳ್ಳೆಯದು, ಅವರಲ್ಲಿ ಹಲವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ.

ಅನ್ನಾಳನ್ನು ಮಣ್ಣು ಮಾಡಿದ್ದು ಬಕ್ಸ್‌ಟನ್ ಹತ್ತಿರದ ಲ್ಯಾಮಸ್ ಎಂಬ ಊರಿನ ಕ್ವೇಕರ್ ರುದ್ರಭೂಮಿಯಲ್ಲಿ. ಅವಳು ಮೊದಲು ಜೀನು ಹತ್ತಿದ ತೋಟದ ಮನೆ ಅಲ್ಲಿಗೆ ದೂರವಲ್ಲ. 1917ರಲ್ಲಿ ಫಿಲಿಪ್‌ನ ಮಗಳು ಏಡಾ ಸೋದರತ್ತೆಯ ನೆನಪಿಗೆ ಏನಾದರೂ ನಿಲ್ಲಿಸಬೇಕೆಂದು ಹೊರಟಳು. ಪ್ರತಿಮೆ ಮಾಡಿಸಲಿಲ್ಲ. ನಾರ್ವಿಚ್‌ನಲ್ಲಿ ಎರಡು ಏರುರಸ್ತೆಗಳು ಕೂಡುವ ಕಡೆ, ಬಾಯಾರಿ ಬರುವ ಕುದುರೆಗಳಿಗೆ ನೀರಿನ ತೊಟ್ಟಿ ಕಟ್ಟಿಸಿದಳು.